ಸೊನ್ನೆ ಬಂದವರ ಬೋಂಡಾ

ಚೆನ್ನೈಯ ಮೈಲಾಪುರದ ನಾಗೇಶ್ವರ ರಾವ್ ಪಾರ್ಕಿನಲ್ಲಿ, ಬೆಳಗಿನ ವಾಕಿಂಗಿನ ಗುಂಪಿನಿಂದ ಕನ್ನಡದ ಮಾತೊಂದು ಕಿವಿಗೆ ಬಿತ್ತು: ‘ಕ್ಯಾಲ್ಸಿಯಂ ಸ್ಕೋರ್ ಸೊನ್ನೆ ಬಂತು ಮಾರಾಯ್ರೇ, ಇನ್ನು ಬೋಂಡಾಕ್ಕೆ ಅಡ್ಡಿಯಿಲ್ಲ.’ ಆ ಸೊನ್ನೆ ಇನ್ನೂ ತಲೆ ಕೊರೆಯುತ್ತಿದೆ.

ಹೃದಯದ ಸಿ.ಟಿ. ಚಿತ್ರದಲ್ಲಿ ರಕ್ತನಾಳದ ಗೋಡೆಗೆ ಹತ್ತಿದ ಸುಣ್ಣ ಬೆಳ್ಳಗೆ ಕಾಣುತ್ತದೆ. ಆ ಚುಕ್ಕೆಗಳ ವಿಸ್ತಾರವನ್ನು ಸಾಂದ್ರತೆಯ ಅಂಕದಿಂದ ಗುಣಿಸಿ ಕೂಡುವ ಲೆಕ್ಕವನ್ನು 1990ರಲ್ಲಿ ಕೊಟ್ಟವರು ಅಮೆರಿಕದ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು. ಅದೇ ಕ್ಯಾಲ್ಸಿಯಂ ಸ್ಕೋರು; 400 ದಾಟಿದರೆ ವೈದ್ಯರ ಹುಬ್ಬೇರುತ್ತದೆ. ‘ದಂಪತಿಗಳಿಗೆ ರಿಯಾಯಿತಿ’ ಎಂದು ಈ ಪರೀಕ್ಷೆಯನ್ನು ಆಡಿ ತಿಂಗಳ ಸೀರೆಯಂತೆ ಮಾರುವ ಜಾಹೀರಾತುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಿರಲಿ.

ಚೆನ್ನೈಯಲ್ಲಿ ಸಿ.ಟಿ. ಎಂದಕೂಡಲೇ ನನಗೆ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ನೆನಪಾಗುತ್ತಾರೆ. ಪ್ರೋಟೀನಿನ ರಚನೆಯ ಅವರ ನಕ್ಷೆ ಪಠ್ಯಪುಸ್ತಕ ಸೇರಿತು. ಆದರೆ ಮದ್ರಾಸು ಬಿಟ್ಟು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಕಾಲದಲ್ಲಿ, 1971ರಲ್ಲಿ, ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಅವರು ಬರೆದ ಪ್ರಬಂಧವನ್ನು ಎಷ್ಟು ಜನ ಬಲ್ಲರು? ಹಲವು ಕೋನಗಳಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ಒಳಗಿನ ರೂಪವನ್ನು ಬೇಗ ಕಟ್ಟಿಕೊಡುವ ಗಣಿತ ಅದು. ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್‌ರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯೊಳಗೆ ಇಣುಕಿದ್ದೂ ಅದೇ ವರ್ಷ. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್‌ಗೆ ಹೋಯಿತು. ನಮ್ಮವರ ಪಾಲಿಗೆ ‘ರಾಮ್-ಲಕ್ ಫಿಲ್ಟರ್’ ಎಂಬ ಹೆಸರು ಉಳಿಯಿತು.

ಇಷ್ಟು ಬರೆದ ಮೇಲೆ ಹೊಳೆದದ್ದು ಅವರ ಇನ್ನೊಂದು ಕೆಲಸ. 1954–55ರಲ್ಲಿ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಗೋಪಿನಾಥ ಕರ್ತಾ ಜೊತೆಗೂಡಿ, ನಾರಿನಂಥ ಪ್ರೋಟೀನಾದ ಕೊಲಾಜೆನ್‌ನ ಮೂರೆಳೆಯ ಹುರಿಯನ್ನು ಬಿಡಿಸಿ ತೋರಿಸಿದವರೂ ಇವರೇ. ಹೃದಯಾಘಾತದ ಕಥೆಯಲ್ಲಿ ಆ ಕೊಲಾಜೆನ್‌ಗೇ ದೊಡ್ಡ ಪಾತ್ರ. ನಾಳದ ಗೋಡೆಯೊಳಗಿನ ಕೊಬ್ಬಿನ ಗಂಟಿನ ಮೇಲೆ ಕೊಲಾಜೆನ್ನಿನ ಪೊರೆಯಿರುತ್ತದೆ. ಉರಿಯೂತ ಅದನ್ನು ಸವೆಸುತ್ತದೆ. ಪೊರೆ ಹರಿದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಅಪಾಯಕಾರಿ ಪೊರೆಯ ದಪ್ಪ 65 ಮೈಕ್ರಾನಿಗಿಂತ ಕಡಿಮೆ. ಸಿ.ಟಿ. ಬಿಡಿಸಿ ನೋಡಬಲ್ಲದ್ದು ಸುಮಾರು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಒಬ್ಬನೇ ಮನುಷ್ಯನ ಗಣಿತಕ್ಕೆ ಅವನದೇ ಹುರಿ ಕಣ್ಣಿಗೆ ಬೀಳುವುದಿಲ್ಲ!

ಹಾಗಾದರೆ ಸ್ಕೋರು ಹೇಳುವುದೇನು? ನಾಳಗಳ ಕಾಯಿಲೆ ಎಷ್ಟು ಹಳೆಯದು, ಎಷ್ಟು ಹರಡಿದೆ ಎಂಬುದನ್ನು. ಯಾವ ಗಂಟು ಯಾವಾಗ ಒಡೆದೀತು ಎಂಬುದನ್ನಲ್ಲ. ಲಕ್ಷಣಗಳಿಲ್ಲದ ನಡುವಯಸ್ಸಿನವರಿಗೆ ಸೊನ್ನೆ ಒಳ್ಳೆಯ ಸುದ್ದಿಯೇ. ಮುಂದಿನ ಕೆಲವು ವರ್ಷ ಅಪಾಯ ಕಡಿಮೆ. ಆದರೆ ಮೂವತ್ತೈದರ ಬೀಡಿ ಸೇದುವವನ ನಾಳದಲ್ಲಿ ಸುಣ್ಣಗಟ್ಟದ ಮೆತ್ತನೆಯ ಗಂಟಿರಬಹುದು. ಇನ್ನೂ ತಮಾಷೆಯೆಂದರೆ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನುಂಗಿದವರಲ್ಲಿ ಗಂಟು ಗಟ್ಟಿಯಾಗಿ ಸ್ಕೋರು ಏರುವುದುಂಟು, ಅಪಾಯ ಮಾತ್ರ ಇಳಿಯುತ್ತದೆ.

ಸ್ಕೋರು ಭವಿಷ್ಯ ಹೇಳುತ್ತದೆಯೇ ಎಂದು ಬರೆಯಲು ಕೂತವನು ನಾನು. ಆದರೆ ಕೇಳಬೇಕಾದ್ದು ಸಿ.ಟಿ. ಚಿತ್ರ ನೋಡಿ ಚಿಕಿತ್ಸೆ ಬದಲಾಗುತ್ತದೆಯೇ ಎಂದು. ಎದೆನೋವೆಂದು ಬಂದ 4,146 ಜನರನ್ನು ಸ್ಕಾಟ್‌ಲೆಂಡಿನಲ್ಲಿ ಐದು ವರ್ಷ ಗಮನಿಸಿದರು. ಬಣ್ಣದ ದ್ರವ ಬಿಟ್ಟು ನಾಳಗಳ ಸಿ.ಟಿ. ಆಂಜಿಯೋಗ್ರಾಂ ಮಾಡಿಸಿಕೊಂಡವರಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಶೇಕಡ 2.3, ಉಳಿದವರಲ್ಲಿ 3.9. ಚಿತ್ರ ನೋಡಿದ ಮೇಲೆ ಸರಿಯಾದವರ ಕೈಗೆ ಮಾತ್ರೆ ಹೋಯಿತು.

ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರೇ ಅನುಮಾನದಲ್ಲಿದ್ದರೆ ಸ್ಕ್ಯಾನ್ ಮಾಡಿಸಿ. ಎದೆ ಹಿಂಡಿದಂತಾದ ದಿನ ಮಾತ್ರ ಹಳೆಯ ಸೊನ್ನೆಯ ವರದಿ ಹುಡುಕುತ್ತ ಕೂರಬೇಡಿ. ಆಸ್ಪತ್ರೆಗೆ ಓಡಿ, ಇ.ಸಿ.ಜಿ. ತೆಗೆಸಿ.