ಗೃಹವಿಚಾರ: ಬೇಸಗೆಯಲ್ಲಿ ಮೀನಿನ ತೊಟ್ಟಿ

ವೈಶಾಖ ಬಂದಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಹರವಿಯ ತಣ್ಣೀರಿಗೆ ಬೆಲೆ ಬರುತ್ತದೆ. ಮನೆಮಂದಿಯ ದಾಹಕ್ಕೆ ಎಲ್ಲರೂ ಏರ್ಪಾಡು ಮಾಡುತ್ತಾರೆ. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿರುವ ಮೀನುಗಳ ಪಾಡನ್ನು ವಿಚಾರಿಸುವವರು ವಿರಳ. ಘಟಪ್ರಭೆಯ ಮೀನಿಗೆ ಬಿಸಿಲು ಹೆಚ್ಚಾದರೆ ಆಳವಾದ ಮಡುವುಂಟು, ಬಂಡೆಯ ನೆರಳುಂಟು. ತೊಟ್ಟಿಯ ಮೀನಿಗೆ ಸಾಕಿದವರಲ್ಲದೆ ಅನ್ಯ ಗತಿಯಿಲ್ಲ. ಆದುದರಿಂದ ಈ ತಿಂಗಳು ಅದರ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಬೇಸಗೆಯಲ್ಲಿ ಮೀನನ್ನು ಕೊಲ್ಲುವುದು ಬಹುಮಟ್ಟಿಗೆ ಉಸಿರಿನ ಕೊರತೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಕಡಲ ಮೀನುಗಳ ಉಪ್ಪುನೀರಿನಲ್ಲಾದರೋ ಆರಕ್ಕಿಂತ ತುಸು ಹೆಚ್ಚು, ಅಷ್ಟೆ. ಇತ್ತ ಮೀನಿನ ಮೈ ಬಿಸಿಯಾದಂತೆ ಅದಕ್ಕೆ ಬೇಕಾಗುವ ಉಸಿರು ಏರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಸಂಕಟವೆಂದು ತಿಳಿಯಬೇಕು.

ಇದಕ್ಕೆ ಉಪಾಯವನ್ನು ಹರವಿಯೇ ಕಲಿಸುತ್ತದೆ. ಅದರ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. 100 ಲೀಟರು ನೀರಿನಲ್ಲಿ ಒಂದು ಲೀಟರು ಆವಿಯಾದರೆ ಉಳಿದುದನ್ನು ಐದಾರು ಡಿಗ್ರಿ ತಣಿಸುವಷ್ಟು ಶಾಖ ಹೋಗುತ್ತದೆ. ಕೋಣೆಯ ಗಾಳಿ ಮರಳಿ ಬಿಸಿ ಕೊಡುವುದರಿಂದ ಅಷ್ಟು ಇಳಿಯದಾದರೂ ಎರಡು ಡಿಗ್ರಿ ಇಳಿದರೆ ದೊಡ್ಡ ಲಾಭವೇ. ಆದುದರಿಂದ ತೊಟ್ಟಿಯ ಮುಚ್ಚಳ ತೆಗೆದು, ಜಾಳಿಗೆ ಹೊದಿಸಿ, ನೀರಿನ ಮೇಲೆ ಹಾಯುವಂತೆ ಸಣ್ಣ ಪಂಖೆಯನ್ನಿಡಬೇಕು. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟು ಫಲಿಸದು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಕಡಲ ತೊಟ್ಟಿಗೆ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು.

ಮಂಜುಗಡ್ಡೆಯನ್ನು ನೇರವಾಗಿ ನೀರಿಗೆ ಹಾಕಲಾಗದು. ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಡಬಹುದು. ಆದರೆ ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ಉಷ್ಣಮಾಪಕವನ್ನು ನೋಡುತ್ತಿರಬೇಕು. ಬಿಸಿಗಿಂತಲೂ ಥಟ್ಟನೆ ಆಗುವ ಏರಿಳಿತ ಮೀನಿಗೆ ಘಾತಕ. ತೊಟ್ಟಿಯನ್ನು ಪಡುವಣ ಗೋಡೆಗೂ ಕಾದ ತಗಡಿನ ಕೆಳಗೂ ಇಡಬಾರದು. ದೀಪವನ್ನು ಹಗಲಿನ ಬದಲು ಸಂಜೆಯ ಮೇಲೆ ಹಚ್ಚಬೇಕು. ಆಹಾರವನ್ನು ಕಡಿಮೆ ಮಾಡಬೇಕು. ಏಕೆಂದರೆ ಉಳಿದ ಕೂಳು ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಆಪದ್ಬಾಂಧವ. ಅದಿಲ್ಲವಾದರೆ ತಂಬಿಗೆಯಿಂದ ನೀರನ್ನು ಮೊಗೆದು ಗೇಣೆತ್ತರದಿಂದ ಮೆಲ್ಲನೆ ಸುರಿಯುತ್ತಿರಬೇಕು. ಗೋಕಾಕದ ಜಲಪಾತದಲ್ಲಿ 52 ಮೀಟರು ಧುಮುಕುವ ನೀರು ಗಾಳಿಯನ್ನು ಬೆರೆಸಿಕೊಳ್ಳುವಂತೆ ಈ ನೀರೂ ತನ್ನ ಅಳತೆಗೆ ತಕ್ಕಷ್ಟು ಬೆರೆಸಿಕೊಳ್ಳುತ್ತದೆ.

ಇನ್ನು ಹವಳದ ಮಾತು. ಚಿತ್ರಗಳಲ್ಲಿ ಕಂಡು ಮನೆಯಲ್ಲಿಯೂ ಹವಳವಿಡಬೇಕೆಂದು ಮಕ್ಕಳು ಹಟಮಾಡಬಹುದು. ದಿಬ್ಬ ಕಟ್ಟುವ ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿದೆ. ನಮ್ಮ ಕಡಲಿನಿಂದ ಅದನ್ನು ಕಿತ್ತು ತರುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ, ವಾಡಿಕೆಯ ಬೇಸಗೆಗಿಂತ ಒಂದೆರಡು ಡಿಗ್ರಿ ಬಿಸಿ ಕೆಲವು ವಾರ ನಿಂತರೆ ಸಾಕು, ಹವಳವು ತನಗೆ ಅನ್ನವೀಯುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಇದೇ ಗತಿಯಾಯಿತು. ಮಹಾಸಾಗರದ ನಡುವೆಯೇ ತಾಳಲಾರದ ಜೀವವನ್ನು ಬಯಲುಸೀಮೆಯ ವೈಶಾಖಕ್ಕೆ ಒಡ್ಡುವುದು ವಿನೋದವಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಮಕ್ಕಳಿಗೆ ಅಲ್ಲಿ ತೋರಿಸಿರಿ.

ಹೊಸದಾಗಿ ತೊಟ್ಟಿ ಇಡಬಯಸುವವರು ಮೃಗಶಿರಾ ಮಳೆ ಹಿಡಿಯುವವರೆಗೆ ತಾಳುವುದು ಲೇಸು. ಸಣ್ಣ ಬೋಗುಣಿಗಿಂತ ದೊಡ್ಡ ತೊಟ್ಟಿಯನ್ನು ಕೊಳ್ಳಿರಿ. ಹೆಚ್ಚು ನೀರು ನಿಧಾನವಾಗಿ ಕಾಯುತ್ತದೆ. ಅಂಗಡಿಯಿಂದ ಮೀನು ತರುವ ಮುನ್ನ ಉಷ್ಣಮಾಪಕವನ್ನು ತನ್ನಿರಿ.