ಮೈದಾನದ ಪದವಿ, ಲೆಕ್ಕದ ಪದವಿ: ಕೇಳಿ ತಿಳಿದು ಸೇರಿಸೋಣ

ಇಂಟರ್‌ಮೀಡಿಯಟ್ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮಿಯಾಪುರ, ಚಂದಾನಗರ, ಕೂಕಟ್‌ಪಲ್ಲಿ ಭಾಗದ ಕನ್ನಡ ಮನೆಗಳಿಗೆ ಹೋದರೆ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಇಎಪಿಸೆಟ್‌ನಲ್ಲಿ ರ‍್ಯಾಂಕು ಎಷ್ಟು ಬಂತು?’ ಒಳ್ಳೆಯ ರ‍್ಯಾಂಕು ಬಂದ ಮನೆಯಲ್ಲಿ ಸಿಹಿ ಹಂಚುತ್ತಾರೆ. ಬಾರದ ಮನೆಯಲ್ಲಿ ಮಾತು ಬೇರೆ ಕಡೆ ತಿರುಗುತ್ತದೆ. ‘ಇವನಿಗೆ ಓದು ಅಷ್ಟಕ್ಕಷ್ಟೆ, ಎಲ್ಲಾದರೂ ಬಿ.ಕಾಂ.ಗೆ ಹಾಕಿಬಿಡೋಣ’ ಎಂದು ತಂದೆ ಹೇಳುತ್ತಾರೆ. ‘ಆಟ ಆಟ ಅಂತ ಎರಡು ವರ್ಷ ಹಾಳುಮಾಡಿಕೊಂಡಳು’ ಎಂದು ತಾಯಿ ನೊಂದುಕೊಳ್ಳುತ್ತಾರೆ. ಈ ಎರಡು ಮಾತುಗಳನ್ನು ಕುರಿತು ಸದಸ್ಯ ಬಾಂಧವರ ಜೊತೆ ಸ್ವಲ್ಪ ವಿಚಾರ ಮಾಡುವುದು ಅಗತ್ಯವೆನಿಸಿದೆ.

ಹಣಕಾಸು ಮತ್ತು ದೈಹಿಕ ಶಿಕ್ಷಣದ ಪದವಿಗಳು ಬೇರೇನೂ ಸಿಗದವರ ಪಾಲಿಗೆ ಇರುವಂಥವು ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಹಾಗೆ ತಿಳಿದಿರುವುದರಿಂದ ಅವುಗಳ ಬಗ್ಗೆ ವಿಚಾರಿಸುವುದೂ ಇಲ್ಲ. ಇಂಜಿನಿಯರಿಂಗ್ ಕಾಲೇಜಿನ ಬಗ್ಗೆ ಹತ್ತು ಜನರನ್ನು ಕೇಳುವ ಪಾಲಕರು ಇಲ್ಲಿ ಒಬ್ಬರನ್ನೂ ಕೇಳದೆ ಹತ್ತಿರದ ಕಾಲೇಜಿಗೆ ಫೀಸು ಕಟ್ಟಿ ಬರುತ್ತಾರೆ. ಈ ಪದವಿಗೆ ಆ ಕೆಲಸ ಸಿಗುವುದಿಲ್ಲ ಎನ್ನುವುದು ಮೂರು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ. ಆಗ ಹೋದ ಹಣವೂ ಬಾರದು, ಹೋದ ವಯಸ್ಸೂ ಬಾರದು.

ಮೊದಲು ಹಣಕಾಸಿನ ಮಾತು. ಬ್ಯಾಂಕು, ಲೆಕ್ಕಪತ್ರ ಕನ್ನಡಿಗರಿಗೆ ಹೊಸದೇನಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ಸಂಸ್ಥೆಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ ಹುಟ್ಟಿತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟುವ ಬಡವನೂ ಖಾತೆದಾರನಾದ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕು ಇಲ್ಲಿಯ ಆಂಧ್ರ ಬ್ಯಾಂಕಿನ ಜೊತೆಗೆ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ಫಲಕಗಳು ಹೋದವು, ಆದರೆ ಆ ಬ್ಯಾಂಕುಗಳ ವರ್ಗಾವಣೆಯ ಮೇಲೆ ಈ ಊರಿಗೆ ಬಂದು ಇಲ್ಲಿಯೇ ನೆಲೆಯೂರಿದ ಹಿರಿಯರು ನಮ್ಮ ನಡುವೆ ಇದ್ದಾರೆ.

ಊರೂ ಅನುಕೂಲವಾಗಿದೆ. ವಿಮಾ ಕ್ಷೇತ್ರದ ನಿಯಂತ್ರಣ ಪ್ರಾಧಿಕಾರದ ಪ್ರಧಾನ ಕಚೇರಿ ನಾನಕ್‌ರಾಮ್‌ಗುಡದ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನಲ್ಲಿದೆ. ಬ್ಯಾಂಕಿಂಗ್ ತಂತ್ರಜ್ಞಾನಕ್ಕೆಂದು ರಿಸರ್ವ್ ಬ್ಯಾಂಕ್ 1996ರಲ್ಲಿ ಸ್ಥಾಪಿಸಿದ ಸಂಸ್ಥೆ ಮಾಸಬ್ ಟ್ಯಾಂಕ್ ಬಳಿ ಇದೆ. 2024ರಲ್ಲಿ ತೆಲಂಗಾಣ ಸರ್ಕಾರ ಕೆಲವು ಕಾಲೇಜುಗಳಲ್ಲಿ ಬ್ಯಾಂಕಿಂಗ್, ಹಣಕಾಸು ಮತ್ತು ವಿಮೆಯ ಕೌಶಲ ತರಬೇತಿಯನ್ನು ಪದವಿಯ ಜೊತೆಗೇ ಕೊಡುವ ಕಾರ್ಯಕ್ರಮ ಆರಂಭಿಸಿತು. ಮಿಯಾಪುರದ ಹುಡುಗ ಹುಡುಗಿಯರಿಗೆ ಇವೆಲ್ಲ ಮನೆಯಿಂದ ಹೋಗಿ ಬರುವಷ್ಟು ಹತ್ತಿರ.

ಹಾಗೆಂದು ಬಿ.ಕಾಂ. ಎಂಬ ಎರಡಕ್ಷರ ಕೆಲಸ ಕೊಡಿಸುತ್ತದೆ ಎಂದು ನಂಬುವುದೂ ತಪ್ಪು. ಬ್ಯಾಂಕಿನ ಗುಮಾಸ್ತ ಮತ್ತು ಪ್ರೊಬೇಷನರಿ ಅಧಿಕಾರಿ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು, ಅಲ್ಲಿ ಬಿ.ಕಾಂ. ಓದಿದವನಿಗೆ ವಿಶೇಷ ಮೀಸಲು ಏನೂ ಇಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆನ್ನುವವರು ಹನ್ನೆರಡನೆಯ ತರಗತಿಯ ನಂತರ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಪದವಿ ಮುಗಿಸಿ ಬರುವ ವಾಣಿಜ್ಯ ವಿದ್ಯಾರ್ಥಿಗೆ ಶೇಕಡಾ 55, ಉಳಿದವರಿಗೆ ಶೇಕಡಾ 60 ಅಂಕ ಇದ್ದರೆ ಫೌಂಡೇಷನ್ ಇಲ್ಲದೆ ನೇರ ಪ್ರವೇಶ ಉಂಟು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ತರಬೇತಿಯನ್ನು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಸಿದ್ದಾರೆ. ಪದವಿ ತರಗತಿಯಲ್ಲಿ ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕ, ತೆರಿಗೆ, ಕಂಪನಿ ಕಾನೂನು ಮನಸ್ಸಿಟ್ಟು ಓದಿದವರಿಗೆ ಈ ದಾರಿ ಸುಲಭವಾಗುತ್ತದೆ. ಅಂದರೆ ಬಿ.ಕಾಂ. ಒಂದು ಒಳ್ಳೆಯ ತಳಪಾಯ. ಅದರ ಮೇಲೆ ಏನು ಕಟ್ಟುತ್ತೇವೆ ಎಂಬುದನ್ನು ಸೇರುವಾಗಲೇ ಯೋಚಿಸಿರಬೇಕು.

ಇನ್ನು ಕಾಲೇಜುಗಳ ಜಾಹೀರಾತು. ಬಿ.ಕಾಂ. ಜೊತೆಗೆ ವಿದೇಶಿ ಲೆಕ್ಕಪರಿಶೋಧನೆಯ ಅರ್ಹತೆ, ಷೇರುಪೇಟೆ ತರಬೇತಿ ಎಂದೆಲ್ಲ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಆ ಅರ್ಹತೆಗಳನ್ನು ಕೊಡುವುದು ಕಾಲೇಜಲ್ಲ. ಅವುಗಳ ಪರೀಕ್ಷೆ ಬೇರೆ, ಶುಲ್ಕ ಬೇರೆ, ಪ್ರಮಾಣಪತ್ರ ಕೊಡುವ ಸಂಸ್ಥೆಯೂ ಬೇರೆ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಎಂದು ಕೇಳಿ ಬರೆದುಕೊಳ್ಳಿ. ಬಿ.ಬಿ.ಎ. ಆದರೆ, 2024-25ರಿಂದ ಆ ಕೋರ್ಸು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಅದರ ಮಂಜೂರಾತಿ ಇದೆಯೇ ಎಂದೂ ಕೇಳಿ.

ದೈಹಿಕ ಶಿಕ್ಷಣದಲ್ಲಿ ಗೊಂದಲ ಇನ್ನೂ ಹೆಚ್ಚು. ‘ಮಗಳು ಚೆನ್ನಾಗಿ ಆಡುತ್ತಾಳೆ, ಆ ಕೋರ್ಸಿಗೆ ಸೇರಿಸೋಣವೇ?’ ಎಂದು ಕೇಳುವ ಪಾಲಕರು ಒಂದು ವಿಷಯ ತಿಳಿದಿರಬೇಕು. ಆಡುವುದಕ್ಕೆ ಈ ಪದವಿ ಬೇಕಾಗಿಲ್ಲ, ಆಟ ಕಲಿಸುವುದಕ್ಕೆ ಬೇಕು. ನಮ್ಮ ರಾಹುಲ್ ದ್ರಾವಿಡ್ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನಲ್ಲಿ. ಅನಿಲ್ ಕುಂಬ್ಳೆ ಇಂಜಿನಿಯರ್. ಇದೇ ಊರಿನ ಪಿ.ವಿ. ಸಿಂಧು ಗಚ್ಚಿಬೌಲಿಯ ಗೋಪಿಚಂದ್ ಅಕಾಡೆಮಿಯಲ್ಲಿ ಬೆವರು ಸುರಿಸುತ್ತಲೇ ಮೆಹದಿಪಟ್ಟಣದ ಕಾಲೇಜಿನಲ್ಲಿ ಬಿ.ಕಾಂ. ಓದಿದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಆಟಗಾರ್ತಿಯಾಗುವ ಮಗಳಿಗೆ ಮೈದಾನವೂ ಬೇಕು, ಹಾಜರಿಯಲ್ಲಿ ಸ್ವಲ್ಪ ಸಡಿಲ ಕೊಡುವ ಕಾಲೇಜೂ ಬೇಕು. ವಿಷಯ ಯಾವುದಾದರೂ ನಡೆದೀತು.

ಕಲಿಸುವವರಾಗಬೇಕಾದರೆ ದಾರಿ ಬೇರೆ. ಇಂಟರ್ ನಂತರ ಎರಡು ವರ್ಷದ ಡಿ.ಪಿ.ಎಡ್. ಇದೆ. ಪದವಿಯ ನಂತರ ಎರಡು ವರ್ಷದ ಬಿ.ಪಿ.ಎಡ್. ಇದೆ. ಈ ಎರಡಕ್ಕೂ ಅಧ್ಯಾಪಕ ಶಿಕ್ಷಣ ಮಂಡಳಿಯಾದ ಎನ್‌ಸಿಟಿಇ ಮಾನ್ಯತೆ ಬೇಕು. ಇವಲ್ಲದೆ ಇಂಟರ್ ಮುಗಿಸಿದವರು ನೇರವಾಗಿ ಸೇರುವ ಮೂರು ವರ್ಷದ ಬಿ.ಪಿ.ಇ.ಎಸ್. ಎಂಬ ಪದವಿಯನ್ನೂ ಕೆಲವು ವಿಶ್ವವಿದ್ಯಾಲಯಗಳು ನಡೆಸುತ್ತವೆ. ಹೆಸರುಗಳು ಒಂದೇ ತರಹ ಕೇಳಿಸುವುದರಿಂದ ಬಿ.ಪಿ.ಇ.ಎಸ್. ಮುಗಿಸಿದೊಡನೆ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕೀತೆಂದು ಹಲವರು ತಿಳಿಯುತ್ತಾರೆ. ಅದು ಪದವಿ ಮಾತ್ರ. ಸಾಮಾನ್ಯವಾಗಿ ಅದರ ಮೇಲೆ ಬಿ.ಪಿ.ಎಡ್. ಮಾಡಬೇಕಾಗುತ್ತದೆ. ಬಿ.ಕಾಂ. ಓದಿ, ಕಾಲೇಜು ಮಟ್ಟದ ಪಂದ್ಯಗಳಲ್ಲಿ ಆಡಿದ್ದವರೂ ಬಿ.ಪಿ.ಎಡ್. ಸೇರಬಹುದು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ತಂಡದ ತರಬೇತುದಾರ ಆಗುವವರಿಗೆ ಮತ್ತೊಂದು ಕಾಗದ ಬೇಕು: ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ.

ತೆಲಂಗಾಣದಲ್ಲಿ ಬಿ.ಪಿ.ಎಡ್., ಡಿ.ಪಿ.ಎಡ್. ಪ್ರವೇಶಕ್ಕೆ ಪಿಇಸೆಟ್ ನಡೆಯುತ್ತದೆ. ಅದರಲ್ಲಿ ಬರವಣಿಗೆ ಇಲ್ಲ. ನೂರು ಮೀಟರ್ ಓಟ, ಗುಂಡು ಎಸೆತ, ಉದ್ದ ಅಥವಾ ಎತ್ತರ ಜಿಗಿತ, ಹುಡುಗರಿಗೆ 800 ಮೀಟರ್, ಹುಡುಗಿಯರಿಗೆ 400 ಮೀಟರ್ ಓಟ. ಜೊತೆಗೆ ತಾನು ಆರಿಸಿಕೊಂಡ ಒಂದು ಆಟದಲ್ಲಿ ಪರೀಕ್ಷೆ. ಆದರೆ ಒಳಗೆ ಹೋದ ಮೇಲೆ ಓದು ಹಗುರವಲ್ಲ. ಶರೀರ ರಚನೆ, ಶರೀರ ಕ್ರಿಯೆ, ಚಲನಶಾಸ್ತ್ರ, ಕ್ರೀಡಾ ಮನೋವಿಜ್ಞಾನ, ಯೋಗ, ಅಳತೆ ಮತ್ತು ಮೌಲ್ಯಮಾಪನ, ಸಂಖ್ಯಾಶಾಸ್ತ್ರ ಎಲ್ಲವೂ ಇವೆ. ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದಂದಿನಿಂದ ಈ ವಿದ್ಯೆಗೆ ನಮ್ಮ ದೇಶದಲ್ಲಿ ನೂರು ವರ್ಷ ದಾಟಿದೆ. ‘ಸೀಟಿ ಊದುವ ಕೆಲಸ’ ಎಂದು ನಗುವವರು ಆ ಪಠ್ಯಕ್ರಮವನ್ನು ಒಮ್ಮೆ ತೆಗೆದು ನೋಡಲಿ.

ಕೆಲಸದ ವಿಚಾರದಲ್ಲೂ ಮುಚ್ಚುಮರೆ ಬೇಡ. 2024ರ ತೆಲಂಗಾಣ ಡಿಎಸ್‌ಸಿ ಅಧಿಸೂಚನೆಯಲ್ಲಿ ಒಟ್ಟು 11,062 ಶಿಕ್ಷಕ ಹುದ್ದೆಗಳಿದ್ದವು. ಪಿಇಟಿ ಹುದ್ದೆಗಳು 182. ಸರ್ಕಾರಿ ಹುದ್ದೆಯನ್ನೇ ನೆಚ್ಚಿಕೊಂಡು ಈ ಕೋರ್ಸಿಗೆ ಹೋಗುವುದು ಜಾಣತನವಲ್ಲ. ಖಾಸಗಿ ಶಾಲೆಗಳು, ಅಕಾಡೆಮಿಗಳು, ವ್ಯಾಯಾಮ ಕೇಂದ್ರಗಳು ಈ ಊರಲ್ಲಿ ಬೇಕಾದಷ್ಟಿವೆ. ಆದರೆ ಅಲ್ಲಿ ಸಂಬಳ ಒಂದೇ ಸಮ ಇರುವುದಿಲ್ಲ ಎಂಬುದನ್ನು ಮಗುವಿಗೂ ತಿಳಿಸಿ ಹೇಳಬೇಕು. ಅಕಾಡೆಮಿ ಸ್ವಂತವಾಗಿ ತೆರೆಯುವವನಿಗೆ ಬಾಡಿಗೆ, ಸಾಲ, ತೆರಿಗೆಯ ಲೆಕ್ಕ ಬರಲೇಬೇಕು. ಮೈದಾನದ ಓದಿಗೂ ಲೆಕ್ಕದ ಓದಿಗೂ ನಂಟು ಬೀಳುವುದು ಇಲ್ಲಿಯೇ.

ಬ್ಯಾಂಕು ಪರೀಕ್ಷೆಗೆ ಯಾವ ಪದವಿಯಾದರೂ ಸಾಕು ಎಂದು ಮೇಲೆ ಹೇಳಿದೆವು. ಅಲ್ಲಿ ಇನ್ನೊಂದು ಷರತ್ತು ಇದೆ. ಗುಮಾಸ್ತ ಹುದ್ದೆಗೆ ಆಯಾ ರಾಜ್ಯದ ಭಾಷೆಯನ್ನು ಓದಿ, ಬರೆದು, ಮಾತನಾಡಬಲ್ಲವರಾಗಿರಬೇಕು. ಶಾಲೆಯಲ್ಲಿ ಆ ಭಾಷೆ ಕಲಿಯದವರಿಗೆ ಭಾಷಾ ಪರೀಕ್ಷೆ ಇರುತ್ತದೆ. ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಂಥ ಕಡೆಯೂ ಕನ್ನಡ ಬಲ್ಲವರೇ ಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಕಲಿತಿರುತ್ತಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ನಾಲ್ಕು ಸಾಲು ಬರೆಯಲು ತಡವರಿಸುತ್ತಾರೆ. ಬರೆಯಲು ಕಲಿತರೆ ಎರಡು ರಾಜ್ಯಗಳ ಹುದ್ದೆಗಳಿಗೂ ಅವರು ಅರ್ಜಿ ಹಾಕಬಹುದು. ಸಂಘದ ಭಾನುವಾರದ ಕನ್ನಡ ತರಗತಿಗೆ ಮಗುವನ್ನು ಕಳಿಸಲು ಅಭಿಮಾನದ ಜೊತೆಗೆ ಇದೂ ಒಂದು ಕಾರಣವಾಗಲಿ.

ಕರ್ನಾಟಕದ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವವರಿಗೆ ಒಂದು ಮಾತು. ಅಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷ ಮಾಡಿದ್ದಾರೆ. ಇಲ್ಲಿಯ ಪದವಿ ಪ್ರವೇಶ 2016ರಿಂದ ‘ದೋಸ್ತ್’ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಕಾಲೇಜುಗಳ ಆಯ್ಕೆಯನ್ನು ಯಾವ ಕ್ರಮದಲ್ಲಿ ಕೊಡುತ್ತೇವೋ ಅದರ ಪ್ರಕಾರ ಸೀಟು ಹಂಚುತ್ತಾರೆ. ಆ ಪಟ್ಟಿಯನ್ನು ನೆಟ್ ಸೆಂಟರಿನ ಹುಡುಗನ ಕೈಗೆ ಬಿಡದೆ ಮಗುವಿನ ಜೊತೆ ಕುಳಿತು ತುಂಬಿಸಿ.

ಈಗ ಸಂಘಗಳ ಪಾಲಿನ ಕೆಲಸ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಕೊಡುವ ಪ್ರತಿಭಾ ಪುರಸ್ಕಾರದ ಪಟ್ಟಿಯನ್ನು ನೆನಪು ಮಾಡಿಕೊಳ್ಳಿ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ, ಇಂಟರ್‌ನಲ್ಲಿ ಹೆಚ್ಚು ಅಂಕ, ಪ್ರವೇಶ ಪರೀಕ್ಷೆಯ ರ‍್ಯಾಂಕು: ಸಾಮಾನ್ಯವಾಗಿ ಇಷ್ಟೇ. ರಾಜ್ಯಮಟ್ಟದ ಖೋಖೋ ಆಡಿದ ಹುಡುಗಿ, ಸಿ.ಎ. ಫೌಂಡೇಷನ್ ಒಂದೇ ಸಲಕ್ಕೆ ಪಾಸಾದ ಹುಡುಗ ಆ ಸಭೆಯಲ್ಲಿ ಕುರ್ಚಿ ಜೋಡಿಸುತ್ತಿರುತ್ತಾರೆ. ಅದೇ ದಿನ ಬೆಳಗ್ಗೆ ನಮ್ಮ ಕಬಡ್ಡಿ, ಥ್ರೋಬಾಲ್ ಪಂದ್ಯಗಳಿಗೆ ಗೆರೆ ಹಾಕಿ ಸೀಟಿ ಊದಿದವರೂ ಅವರೇ. ವಾರ್ಷಿಕ ಸಭೆಯಲ್ಲಿ ಖಜಾಂಚಿ ಆಗಲು ಯಾರೂ ಮುಂದೆ ಬಾರದಿದ್ದಾಗ ನಾವು ಹುಡುಕುವುದೂ ಲೆಕ್ಕ ಬಲ್ಲವರನ್ನೇ. ನಾವು ಯಾರನ್ನು ವೇದಿಕೆಗೆ ಕರೆಯುತ್ತೇವೆ ಎಂಬುದನ್ನು ಎದುರಿಗೆ ಕುಳಿತ ಚಿಕ್ಕ ಮಕ್ಕಳು ನೋಡುತ್ತಿರುತ್ತಾರೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬರುವ ರಾಜ್ಯೋತ್ಸವದಿಂದ ಪುರಸ್ಕಾರದ ಪಟ್ಟಿಗೆ ಕ್ರೀಡೆ ಮತ್ತು ವಾಣಿಜ್ಯವನ್ನು ಸೇರಿಸಿ. ಇಂಟರ್ ಫಲಿತಾಂಶಕ್ಕೆ ಮುಂಚೆ ಒಂದು ಭಾನುವಾರ ಮಿಯಾಪುರದಲ್ಲಿ ಪಾಲಕರ ಸಭೆ ಕರೆಯಿರಿ. ಭಾಷಣಕಾರರನ್ನು ಹೊರಗಿನಿಂದ ಕರೆಸುವುದು ಬೇಡ. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಲೆಕ್ಕಪರಿಶೋಧಕರು, ದೈಹಿಕ ಶಿಕ್ಷಕರು ನಮ್ಮ ಸದಸ್ಯರ ಪಟ್ಟಿಯಲ್ಲೇ ಸಿಗುತ್ತಾರೆ. ಅವರು ಒಂದೊಂದು ಮೇಜಿನ ಹಿಂದೆ ಕುಳಿತು ಬಂದವರ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. 2018ರಲ್ಲಿ ಅಲ್ಲಿಗೂ ಮೆಟ್ರೊ ಬಂದ ಮೇಲೆ ಎಲ್.ಬಿ. ನಗರದವರೂ ಬಂದು ಹೋಗುವುದು ಕಷ್ಟವಲ್ಲ.

ಮಗು ಏನು ಓದಬೇಕೆಂದು ಹೇಳುವ ಅಧಿಕಾರ ಈ ಪತ್ರಿಕೆಗಿಲ್ಲ. ಇಂಜಿನಿಯರಿಂಗ್ ಓದುವವರು ಸಂತೋಷವಾಗಿ ಓದಲಿ. ಆದರೆ ಆಡುವ ಮಗುವಿಗೆ, ಲೆಕ್ಕ ಇಷ್ಟಪಡುವ ಮಗುವಿಗೆ ‘ಬೇರೇನೂ ಸಿಗಲಿಲ್ಲ, ಅದಕ್ಕೆ ಇದು’ ಎಂದು ಹೇಳಿ ಕಾಲೇಜಿಗೆ ಕಳಿಸಬಾರದು. ಫೀಸು ಕಟ್ಟುವ ಮುಂಚೆ ನಾಲ್ಕು ಜನರನ್ನು ಕೇಳೋಣ. ಆ ನಾಲ್ಕು ಜನ ನಮ್ಮ ಸಂಘದಲ್ಲೇ ಇದ್ದಾರೆ.