ಬೇಲಿಯ ಹೊರಗೆ ನಿಂತವರ ಮಾತು

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ 16 ಎಕರೆ ನೆಲದಲ್ಲಿ 2001ರ ನಂತರ ನಡೆದದ್ದನ್ನು ಕಾಮಗಾರಿ ಎನ್ನುವುದಕ್ಕಿಂತ ಜಗಳ ಎನ್ನುವುದೇ ಸರಿ. ಅವಳಿ ಗೋಪುರಗಳು ಉರುಳಿದ ಜಾಗದಲ್ಲಿ ಏನು ಕಟ್ಟಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು, ಸತ್ತವರ ಹೆಸರನ್ನು ಎಲ್ಲಿ ಕೆತ್ತಬೇಕು, ಏನನ್ನೂ ಕಟ್ಟದೆ ಬಿಟ್ಟರೆ ಹೇಗೆ ಎಂದು ಮೊದಲು ಆ ಊರು, ಆಮೇಲೆ ಇಡೀ ದೇಶ ವರ್ಷಗಟ್ಟಲೆ ವಾದಿಸಿತು. ಸ್ಮಾರಕದ ಅಂಗಳ 2011ರ ಸೆಪ್ಟೆಂಬರಿನಲ್ಲಿ ತೆರೆಯಿತು. 1,776 ಅಡಿಯ ಗೋಪುರ ಬಾಗಿಲು ತೆಗೆಯಲು 2014ರ ನವೆಂಬರ್ ಬರಬೇಕಾಯಿತು. ಇಂಥ ವಾದಗಳ ಬಗ್ಗೆ ಕಟ್ಟುವವರಲ್ಲಿ ಒಂದು ಸಿದ್ಧ ಅಭಿಪ್ರಾಯವಿದೆ: ಕೆಲಸ ನಡೆಯುವಾಗ ಜನ ಬೈಯುತ್ತಾರೆ, ಮುಗಿದ ಮೇಲೆ ಒಗ್ಗಿಕೊಳ್ಳುತ್ತಾರೆ, ಆದ್ದರಿಂದ ಕಿವಿ ಮುಚ್ಚಿಕೊಂಡು ಕಟ್ಟುವುದೇ ಲೇಸು. ಇದರ ಎದುರಿಗೆ ನಿಂತವರ ಅಭಿಪ್ರಾಯವೂ ಅಷ್ಟೇ ಸಿದ್ಧವಾದದ್ದು: ಸಾರ್ವಜನಿಕ ನೆಲ, ಜನ ಹೇಳಿದ್ದೇ ಕೊನೆಯ ಮಾತು. ಕಟ್ಟಡದ ಚೆಲುವಿನ ಬಗ್ಗೆ ಜನ ಕೊಡುವ ತೀರ್ಪಿಗೂ, ಆ ಜಾಗದಲ್ಲಿ ತಾವು ಹೇಗೆ ನಡೆಯುತ್ತೇವೆ, ಕೂರುತ್ತೇವೆ, ಅಳುತ್ತೇವೆ ಎಂದು ಹೇಳುವ ಮಾತಿಗೂ ಇರುವ ವ್ಯತ್ಯಾಸವನ್ನು ಈ ಇಬ್ಬರೂ ಗಮನಿಸುವುದಿಲ್ಲ. ಚೆಲುವಿನ ತೀರ್ಪು ಹತ್ತು ವರ್ಷಕ್ಕೊಮ್ಮೆ ಮಗುಚಿಬೀಳಬಹುದು. ಬಳಸುವವರು ತಮ್ಮ ಬಳಕೆಯ ಬಗ್ಗೆ ಆಡುವ ಮಾತು ಹಾಗಲ್ಲ. ಅದು ಬೇರೆ ಯಾರ ಬಳಿಯೂ ಸಿಗದ ಸಾಕ್ಷ್ಯ. ಆ 16 ಎಕರೆಯಲ್ಲಿ ಚೆನ್ನಾಗಿ ಆದ ಕೆಲಸಗಳಲ್ಲಿ ಹೆಚ್ಚಿನವು ಈ ಸಾಕ್ಷ್ಯಕ್ಕೆ ಕಿವಿಗೊಟ್ಟದ್ದರಿಂದ ಆದವು ಎಂಬುದು ಈ ಟಿಪ್ಪಣಿಯ ವಾದ.

ಉರುಳಿದ ಗೋಪುರಗಳ ಚರಿತ್ರೆಯನ್ನೇ ನೋಡಬಹುದು. ಮಿನೋರು ಯಮಸಾಕಿ ವಿನ್ಯಾಸ ಮಾಡಿದ, 1973ರಲ್ಲಿ ಉದ್ಘಾಟನೆಯಾದ ಆ ಜೋಡಿ ಲೂಯಿಸ್ ಮಮ್‌ಫರ್ಡ್, ಏಡಾ ಲೂಯಿಸ್ ಹಕ್ಸ್‌ಟೇಬಲ್ ಅವರಂಥ ಗಟ್ಟಿ ವಿಮರ್ಶಕರಿಗೆ ರುಚಿಸಲಿಲ್ಲ. ಅದಕ್ಕೆ ಜಾಗ ಮಾಡಲು ರೇಡಿಯೋ ರೋ ಎಂಬ ಅಂಗಡಿಬೀದಿಯನ್ನೇ ಕೆಡವಿದ್ದರು. ರೇಡಿಯೋ, ಟಿವಿ, ಅವುಗಳ ಬಿಡಿಭಾಗ ಮಾರುತ್ತಿದ್ದ ವ್ಯಾಪಾರಿಗಳು ಕೋರ್ಟಿನ ತನಕ ಹೋಗಿ ಸೋತಿದ್ದರು. 2001ರ ನಂತರ ಇದೇ ಗೋಪುರಗಳು ಪೂಜ್ಯವಾದವು. ಇದ್ದದ್ದನ್ನು ಇದ್ದ ಹಾಗೆಯೇ, ಇನ್ನಷ್ಟು ಎತ್ತರಕ್ಕೆ ಮತ್ತೆ ಕಟ್ಟಿ ಎಂಬ ಚಳವಳಿಯೇ ಹುಟ್ಟಿತು. ಆಗ ಬರಿಯ ಕಟ್ಟಡ ವ್ಯಾಪಾರಿಯಾಗಿದ್ದ ಡೊನಾಲ್ಡ್ ಟ್ರಂಪ್ 2005ರಲ್ಲಿ ಪತ್ರಕರ್ತರನ್ನು ಕರೆದು ಹೊಸ ವಿನ್ಯಾಸವನ್ನು ಹೀಯಾಳಿಸಿ ಈ ಬೇಡಿಕೆಯ ಬೆನ್ನಿಗೆ ನಿಂತರು. ಮೂವತ್ತು ವರ್ಷದಲ್ಲಿ ರೂಪದ ಕುರಿತ ತೀರ್ಪು ಹೀಗೆ ತಲೆಕೆಳಗಾಯಿತು. ಆದರೆ ಆ ಮೂವತ್ತು ವರ್ಷವೂ ಬದಲಾಗದ ದೂರೊಂದಿತ್ತು. ಊರಿನ ಬೀದಿಗಳನ್ನು ಕತ್ತರಿಸಿ ಒಂದೇ ದೊಡ್ಡ ಗಟ್ಟಣೆಯಂತೆ ಹಾಸಿದ ಆ ಜಾಗವನ್ನು ಸುತ್ತಿಕೊಂಡು ಹೋಗಬೇಕು, ಅಂಗಳದಲ್ಲಿ ಗಾಳಿ ನಿಲ್ಲಗೊಡುವುದಿಲ್ಲ, ಕಚೇರಿ ಮುಗಿದ ಮೇಲೆ ಅಲ್ಲಿ ನರಪಿಳ್ಳೆಯಿಲ್ಲ ಎಂಬುದು ಆ ದೂರು. ಗೋಪುರಗಳನ್ನು ಪ್ರೀತಿಸಿದವರೂ ಇದನ್ನು ಅಲ್ಲಗಳೆಯಲಿಲ್ಲ. ಮರುನಿರ್ಮಾಣದ ಯೋಜನೆಯಲ್ಲಿ ಗ್ರೀನಿಚ್ ಬೀದಿಯನ್ನೂ ಫುಲ್ಟನ್ ಬೀದಿಯನ್ನೂ ಮತ್ತೆ ಆ ನೆಲದ ಮೂಲಕ ಹಾಯಿಸಿದ್ದು ಈ ಹಳೆಯ ದೂರಿಗೆ ಸಿಕ್ಕ ತಡವಾದ ಉತ್ತರ.

2002ರ ಜುಲೈಯಲ್ಲಿ ಮರುನಿರ್ಮಾಣದ ಮೊದಲ ಆರು ನಕ್ಷೆಗಳು ಹೊರಬಂದವು. ಅದೇ ತಿಂಗಳು ಜಾವಿಟ್ಸ್ ಸಭಾಂಗಣದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮೇಜುಗಳ ಸುತ್ತ ಕೂತು ಅವನ್ನು ಚರ್ಚಿಸಿ, ಆರನ್ನೂ ಬೇಡವೆಂದರು. ಅಲ್ಲಿ ಕೇಳಿಬಂದ ಮಾತುಗಳಲ್ಲಿ ಎರಡು ಎದ್ದು ಕಾಣುತ್ತಿದ್ದವು. ನಕ್ಷೆಗಳು ಸಪ್ಪೆಯಾಗಿವೆ ಎಂಬುದು ಒಂದು. ಇಷ್ಟೊಂದು ಕಚೇರಿ ಇಲ್ಲಿ ಯಾರಿಗೆ ಬೇಕು ಎಂಬುದು ಇನ್ನೊಂದು. ಆರೂ ನಕ್ಷೆಗಳಲ್ಲಿ ಸುಮಾರು 1.1 ಕೋಟಿ ಚದರ ಅಡಿ ಕಚೇರಿ ಜಾಗವಿತ್ತು. ಆಡಳಿತಕ್ಕೆ ಕೇಳಿಸಿದ್ದು ಮೊದಲನೆಯದು ಮಾತ್ರ. ಹೆಸರಾಂತ ವಾಸ್ತುಶಿಲ್ಪಿಗಳನ್ನು ಕರೆಸಿ ಹೊಸ ಸ್ಪರ್ಧೆ ನಡೆಸಿದರು, 2003ರ ಫೆಬ್ರವರಿಯಲ್ಲಿ ಡೇನಿಯಲ್ ಲಿಬೆಸ್ಕಿಂಡ್ ಗೆದ್ದರು, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ವರ್ಷ ಅಡಿಗಳ ಲೆಕ್ಕದಲ್ಲಿ ಗೋಪುರದ ಎತ್ತರವಾಯಿತು. ಕಚೇರಿಯ ಲೆಕ್ಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಾರಣ, ನೆಲದ ಒಡೆತನ ಪೋರ್ಟ್ ಅಥಾರಿಟಿ ಎಂಬ ಸರಕಾರಿ ಸಂಸ್ಥೆಯದು; ದಾಳಿಗೆ ಏಳೇ ವಾರ ಮುಂಚೆ ಲ್ಯಾರಿ ಸಿಲ್ವರ್‌ಸ್ಟೀನ್ ಎಂಬ ಉದ್ಯಮಿ ಗೋಪುರಗಳನ್ನು 99 ವರ್ಷಗಳ ಗುತ್ತಿಗೆಗೆ ಪಡೆದಿದ್ದರು; ಕಳೆದುಕೊಂಡ ಬಾಡಿಗೆ ಜಾಗವನ್ನು ಮತ್ತೆ ಕಟ್ಟುವ ಹಕ್ಕು ಆ ಕರಾರಿನಲ್ಲಿತ್ತು. ಕರಾರನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ, ಜನರ ಸಿಟ್ಟನ್ನು ಚಿತ್ರಪಟಗಳ ಪ್ರದರ್ಶನದ ಕಡೆ ತಿರುಗಿಸುವುದು ಸುಲಭವಿತ್ತು. ಜಾವಿಟ್ಸ್‌ನಲ್ಲಿ ಕೂತವರಿಗೆ ಬಾಡಿಗೆ ಮಾರುಕಟ್ಟೆ ಗೊತ್ತಿಲ್ಲ ಎಂದವರಿಗೆ ಮುಂದಿನ ವರ್ಷಗಳು ಉತ್ತರ ಕೊಟ್ಟವು. ಗೋಪುರದಲ್ಲಿ ಜಾಗ ತುಂಬಿಸಲು ಮೊದಲು ಸರಕಾರಿ ಕಚೇರಿಗಳೇ ಒಪ್ಪಿಕೊಳ್ಳಬೇಕಾಯಿತು, ದೊಡ್ಡ ಖಾಸಗಿ ಬಾಡಿಗೆದಾರರಾಗಿ ಕಾಂಡೇ ನಾಸ್ಟ್ ಪ್ರಕಾಶನ ಬಂದದ್ದು 2011ರಲ್ಲಿ. ಸುಮಾರು 390 ಕೋಟಿ ಡಾಲರ್ ನುಂಗಿದ ಕಟ್ಟಡ ತೆರೆದ ದಿನ ಅದರ ಸುಮಾರು ಶೇಕಡ 60 ಭಾಗ ಮಾತ್ರ ಬಾಡಿಗೆಗೆ ಹೋಗಿತ್ತು.

ಸ್ಮಾರಕದ ಕಥೆ ಬೇರೆ ದಾರಿ ಹಿಡಿಯಿತು. 2003ರ ಸ್ಪರ್ಧೆಗೆ 63 ದೇಶಗಳಿಂದ 5,201 ವಿನ್ಯಾಸಗಳು ಬಂದವು. ವಿಯೆಟ್ನಾಂ ಯೋಧರ ಸ್ಮಾರಕ ರೂಪಿಸಿದ ಮಾಯಾ ಲಿನ್ ಇದ್ದ 13 ಮಂದಿಯ ಸಮಿತಿ ಆರಿಸಿದ್ದು ನಗರದ ವಸತಿ ಪ್ರಾಧಿಕಾರದಲ್ಲಿ ಕೆಲಸಕ್ಕಿದ್ದ, ಹೆಸರಿಲ್ಲದ ಯುವಕ ಮೈಕೆಲ್ ಅರಾದ್ ಅವರ ವಿನ್ಯಾಸವನ್ನು. ಗೋಪುರಗಳು ನಿಂತಿದ್ದ ಎರಡು ಚೌಕಗಳಲ್ಲಿ ತಲಾ ಸುಮಾರು ಒಂದು ಎಕರೆಯ ಎರಡು ಕೊಳ, ನಾಲ್ಕೂ ಬದಿಯಿಂದ 30 ಅಡಿ ಕೆಳಕ್ಕೆ ಬೀಳುವ ನೀರು; ಸುತ್ತ ಪೀಟರ್ ವಾಕರ್ ನೆಡಿಸಿದ ಓಕ್ ಮರಗಳು. ಮೂಲ ನಕ್ಷೆಯಲ್ಲಿ ಸತ್ತವರ ಹೆಸರುಗಳು ನೆಲದಡಿಯಲ್ಲಿ, ನೀರಿನ ಪರದೆಯ ಹಿಂದಿನ ಮೊಗಸಾಲೆಯಲ್ಲಿದ್ದವು. ಅರಾದ್‌ಗೆ ಅದೇ ವಿನ್ಯಾಸದ ಜೀವ. ಸತ್ತವರ ಮನೆಯವರಲ್ಲಿ ಹಲವರು ಇದಕ್ಕೆ ತಿರುಗಿಬಿದ್ದರು: ನಮ್ಮವರು ಹೋದದ್ದೇ ಈ ನೆಲದೊಳಗೆ, ಅವರ ಹೆಸರು ಓದಲು ಮತ್ತೆ ನೆಲದೊಳಗೆ ಇಳಿಯಬೇಕೆ? ಅಷ್ಟರಲ್ಲಿ ಅಂದಾಜು ವೆಚ್ಚ 100 ಕೋಟಿ ಡಾಲರಿನ ಹತ್ತಿರ ಹೋಗಿತ್ತು. ದುಃಖವೂ ಖಜಾನೆಯೂ ಒಂದೇ ದಿಕ್ಕಿಗೆ ತಳ್ಳಿದ್ದರಿಂದ 2006ರಲ್ಲಿ ಮೊಗಸಾಲೆ ಬಿದ್ದುಹೋಯಿತು, ಹೆಸರುಗಳು ಕೊಳದ ಅಂಚಿಗೆ, ಬಿಸಿಲು ಬೀಳುವ ಕಡೆಗೆ ಬಂದವು. ಆ ಕಂಚಿನ ಫಲಕಗಳು ಇಂದು ಕೈಯಿಟ್ಟು ಸವರುವ ಎತ್ತರದಲ್ಲಿವೆ. ಅಕ್ಷರಗಳನ್ನು ಆರಪಾರ ಕತ್ತರಿಸಿರುವುದರಿಂದ ಅವುಗಳಲ್ಲಿ ಹೂವಿನ ತೊಟ್ಟು ಸಿಕ್ಕಿಸಬಹುದು. ಹುಟ್ಟುಹಬ್ಬ ಬಂದವರ ಹೆಸರಿನಲ್ಲಿ ಒಂದು ಬಿಳಿ ಗುಲಾಬಿ ನಿಲ್ಲುತ್ತದೆ. ಮೂಲ ವಿನ್ಯಾಸ ಚಿತ್ರದಲ್ಲಿ ಎಷ್ಟೇ ಗಂಭೀರವಾಗಿ ಕಂಡಿದ್ದರೂ ಇದನ್ನು ಕೊಡುತ್ತಿರಲಿಲ್ಲ.

ಹೆಸರುಗಳ ಕ್ರಮದ ಜಗಳ ಇನ್ನೂ ಹೆಚ್ಚು ಕಲಿಸುತ್ತದೆ. 1993ರ ಬಾಂಬ್ ಸ್ಫೋಟದಲ್ಲಿ ಸತ್ತ ಆರು ಮಂದಿಯೂ ಸೇರಿ 2,983 ಹೆಸರು; ಭಾರತದಿಂದ ಹೋಗಿ ಅಲ್ಲಿ ಬದುಕು ಕಟ್ಟಿಕೊಂಡಿದ್ದವರ ಹೆಸರುಗಳೂ ಅವುಗಳಲ್ಲಿವೆ. ಸಾವು ಯಾವ ಕ್ರಮವನ್ನೂ ನೋಡದೆ ಬಂದಿತು, ಆದ್ದರಿಂದ ಹೆಸರುಗಳೂ ಕ್ರಮವಿಲ್ಲದೆ ಹರಡಲಿ ಎಂಬುದು ಮೊದಲ ಯೋಚನೆ. ಓದಲು ಚೆನ್ನಾದ ತರ್ಕ. ಆದರೆ ಕಂಪನಿಯಲ್ಲಿ ಎದುರುಬದುರು ಮೇಜಿನಲ್ಲಿದ್ದವರು, ಅಣ್ಣತಮ್ಮಂದಿರು, ಒಂದೇ ಅಗ್ನಿಶಾಮಕ ಠಾಣೆಯಿಂದ ಹೊರಟು ಒಟ್ಟಿಗೆ ಮೆಟ್ಟಿಲು ಹತ್ತಿದವರು ಹೀಗೆ ಚೆಲ್ಲಾಪಿಲ್ಲಿಯಾಗುವುದನ್ನು ಮನೆಯವರು ಒಪ್ಪಲಿಲ್ಲ. ಅಕ್ಷರಾನುಕ್ರಮವೂ ಅವರಿಗೆ ಬೇಡವಾಗಿತ್ತು. 2006ರ ಕೊನೆಯಲ್ಲಿ ಒಪ್ಪಂದವಾಯಿತು: ಇದ್ದ ಗೋಪುರ, ವಿಮಾನ, ದುಡಿಯುತ್ತಿದ್ದ ಸಂಸ್ಥೆ, ರಕ್ಷಣಾ ತಂಡ ಇವುಗಳ ಪ್ರಕಾರ ಗುಂಪು, ಗುಂಪಿನೊಳಗೆ ಯಾರ ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಆಮೇಲೆ ಮನೆಯವರನ್ನೇ ಕೇಳಿದರು. ಸಾವಿರದ ಇನ್ನೂರಕ್ಕೂ ಹೆಚ್ಚು ಕೋರಿಕೆಗಳು ಬಂದವು. ವಿಮಾನದಲ್ಲಿದ್ದ ತಂದೆಯ ಹೆಸರಿನ ಪಕ್ಕ ಗೋಪುರದಲ್ಲಿದ್ದ ತನ್ನ ಗೆಳತಿಯ ಹೆಸರು ಬರಲಿ ಎಂದು ಒಬ್ಬ ಮಗಳು ಕೇಳಿಕೊಂಡಳು. ಈಗ ಆ ಎರಡು ಹೆಸರು ಒತ್ತೊತ್ತಾಗಿವೆ. ಇಷ್ಟನ್ನೆಲ್ಲ ಹೊಂದಿಸಲು ಗಣಕದ ಲೆಕ್ಕಾಚಾರವೂ ಬೇಕಾಯಿತು, ಕೈಕೆಲಸವೂ ಬೇಕಾಯಿತು. ಮನೆಯವರಲ್ಲಿ ಯಾರೂ ಕೊಳದ ಆಕಾರ ಬದಲಿಸಿ ಎನ್ನಲಿಲ್ಲ, ವಿನ್ಯಾಸಕಾರರೂ ಇಲ್ಲಿ ಅವರಿಗೆ ಆಕಾರದ ಬಗ್ಗೆ ಮತ ಹಾಕಿ ಎನ್ನಲಿಲ್ಲ. ತಮಗೆ ಮಾತ್ರ ಗೊತ್ತಿದ್ದುದನ್ನು ಅವರು ಹೇಳಿದರು.

ಗೋಪುರದ ವಿಷಯದಲ್ಲಿ ಇಂಥ ಮಾತಿಗೆ ಎಡೆಯೇ ಇರಲಿಲ್ಲ. 2004ರ ಜುಲೈ 4ರಂದು ಅವಸರದಲ್ಲಿ ಅಡಿಗಲ್ಲು ಹಾಕಿದರು. ಮರುವರ್ಷ ನಗರದ ಪೊಲೀಸರು ಲಾರಿ ಬಾಂಬಿನ ಭಯ ಮುಂದಿಟ್ಟಾಗ ಇಡೀ ಕಟ್ಟಡವನ್ನು ರಸ್ತೆಯಿಂದ ಹಿಂದಕ್ಕೆ ಸರಿಸಿ ಗೋಪುರದ ವಾಸ್ತುಶಿಲ್ಪಿ ಡೇವಿಡ್ ಚೈಲ್ಡ್ಸ್ ಮತ್ತೆ ವಿನ್ಯಾಸ ಮಾಡಬೇಕಾಯಿತು, 20 ಟನ್ನಿನ ಆ ಕಲ್ಲನ್ನು 2006ರಲ್ಲಿ ಕಿತ್ತು ಸಾಗಿಸಿದರು. ಬುಡದಲ್ಲಿ ಕಿಟಕಿಯಿಲ್ಲದ ಕಾಂಕ್ರೀಟ್ ಕೋಟೆ ಎದ್ದಿತು. ಅದಕ್ಕೆ ಹೊದಿಸಬೇಕೆಂದಿದ್ದ ವಿಶೇಷ ಗಾಜೂ ಕೆಲಸಕ್ಕೆ ಬಾರದೆ ಹೋಯಿತು. ಜನರ ಪಾಲಿಗೆ ಉಳಿದದ್ದು ಹೆಸರು ಮತ್ತು ಎತ್ತರದ ಜಗಳ. 2009ರಲ್ಲಿ ‘ಫ್ರೀಡಂ ಟವರ್’ ಎಂಬ ಹೆಸರನ್ನು ಕೈಬಿಟ್ಟು ‘ಒನ್ ವರ್ಲ್ಡ್ ಟ್ರೇಡ್ ಸೆಂಟರ್’ ಎಂದಾಗ ದೇಶದ್ರೋಹವಾಯಿತೆಂಬಷ್ಟು ಗದ್ದಲ. 2013ರಲ್ಲಿ ತುದಿಯ ಕಂಬವನ್ನು ಎತ್ತರಕ್ಕೆ ಲೆಕ್ಕ ಹಿಡಿಯಬಹುದೇ ಎಂದು ಷಿಕಾಗೋ ನಗರದೊಂದಿಗೆ ಪೈಪೋಟಿ. ಇವೆರಡೂ ಇಂದು ರಸಪ್ರಶ್ನೆಗೆ ಆಗುವ ಸರಕು.

ಜನರನ್ನು ಕೇಳುತ್ತ ಕೂತರೆ ಕೆಲಸ ಮುಗಿಯುವುದಿಲ್ಲ ಎಂಬ ಆಕ್ಷೇಪಣೆ ಸಹಜ. ಒಂದು ಮನೆ ಕಟ್ಟಿಸುವಾಗಲೇ ನೆಂಟರ ಸಲಹೆ ತಡೆಯಲಾಗುವುದಿಲ್ಲ, ಇನ್ನು ಇಡೀ ದೇಶದ ಸಲಹೆ! ಆದರೆ ಈ ನೆಲದಲ್ಲಿ ವರ್ಷಗಳನ್ನು ತಿಂದದ್ದು ಯಾವುದು ಎಂದು ಹುಡುಕಿದರೆ ಮುಖ್ಯವಾಗಿ ಸಿಗುವುದು ಗುತ್ತಿಗೆದಾರನಿಗೂ ಪೋರ್ಟ್ ಅಥಾರಿಟಿಗೂ ನಡೆದ ಹಣದ ಹಗ್ಗಜಗ್ಗಾಟ, ದಾಳಿ ಒಂದೋ ಎರಡೋ ಎಂದು ವಿಮಾ ಕಂಪನಿಗಳ ಜೊತೆ ನಡೆದ ವ್ಯಾಜ್ಯ, ಅಡಿಗಲ್ಲಿನ ನಂತರ ಬಂದ ಪೊಲೀಸರ ತಕರಾರು. ಇವೆಲ್ಲ ಬಹುಮಟ್ಟಿಗೆ ಮುಚ್ಚಿದ ಕೋಣೆಗಳಲ್ಲಿ ನಡೆದವು. ಇನ್ನು ಐಫೆಲ್ ಗೋಪುರದ ಉದಾಹರಣೆ ಕೊಡುವವರಿದ್ದಾರೆ: 1887ರಲ್ಲಿ ಬೈದರು, ಆಮೇಲೆ ಮುದ್ದಿಸಿದರು. ನಿಜ, ಆದರೆ ಅಂದು ಸಹಿ ಹಾಕಿ ಪ್ರತಿಭಟಿಸಿದವರು ಪ್ಯಾರಿಸ್ಸಿನ ಬರಹಗಾರರು, ಕಲಾವಿದರು. ಅವರ ಮುಖ್ಯ ತಕರಾರು ರುಚಿಯದು. ರುಚಿ ಬದಲಾಗುತ್ತದೆಂಬುದನ್ನು ಈ ಟಿಪ್ಪಣಿ ಮೊದಲೇ ಒಪ್ಪಿದೆ.

ಇದಕ್ಕಿಂತ ಗಟ್ಟಿ ಆಕ್ಷೇಪಣೆ ಇನ್ನೊಂದಿದೆ. ಜನ ಎಂದರೆ ಯಾರು? ಮನೆಯವರೆಲ್ಲ ಒಂದೇ ಮಾತಿನವರಲ್ಲ, ಅವರ ದುಃಖದ ಎದುರು ಅಕ್ಕಪಕ್ಕದ ನಿವಾಸಿಗಳು ಬಾಯಿ ತೆರೆಯಲೂ ಹಿಂಜರಿದರು. 2005ರಲ್ಲಿ ಅಲ್ಲಿ ಸ್ವಾತಂತ್ರ್ಯದ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯವೊಂದು ಬರುವುದಿತ್ತು. ಅಮೆರಿಕದ್ದೇ ತಪ್ಪುಗಳನ್ನೂ ಅದು ತೋರಿಸೀತು ಎಂಬ ಕೂಗೆದ್ದು, ಮನೆಯವರ ಕೆಲವು ಸಂಘಟನೆಗಳು ಮುಂದೆ ನಿಂತು, ಗವರ್ನರ್ ಜಾರ್ಜ್ ಪಟಾಕಿ ಯೋಜನೆಯನ್ನೇ ಹೊರಹಾಕಿದರು. 2010ರಲ್ಲಿ ಎರಡು ಬೀದಿಯಾಚೆ ಇಸ್ಲಾಮಿಕ್ ಸಮುದಾಯ ಕೇಂದ್ರ ಕಟ್ಟುವ ಪ್ರಸ್ತಾಪಕ್ಕೆ ದೇಶಾದ್ಯಂತ ವಿರೋಧ ಹುಟ್ಟಿತು. ಮೇಯರ್ ಬ್ಲೂಮ್‌ಬರ್ಗ್ ಅದರ ಹಕ್ಕಿನ ಪರ ನಿಂತದ್ದು ಅವರ ಆಡಳಿತದ ಒಳ್ಳೆಯ ಗಳಿಗೆಗಳಲ್ಲೊಂದು. ಈ ಎರಡರಲ್ಲೂ ಪ್ರತಿಕ್ರಿಯೆ ತನ್ನ ಬಳಕೆಯನ್ನು ಹೇಳುವುದು ಬಿಟ್ಟು ಇತರರು ಏನು ಓದಬೇಕು, ಎಲ್ಲಿ ಪ್ರಾರ್ಥಿಸಬೇಕು ಎಂದು ಅಪ್ಪಣೆ ಕೊಡತೊಡಗಿತು. ತನ್ನವರ ಹೆಸರು ಎಲ್ಲಿರಬೇಕೆನ್ನುವುದು ದುಃಖಕ್ಕೆ ಸಂದ ಹಕ್ಕು. ದೇಶದ ಚರಿತ್ರೆಗೆ ಕತ್ತರಿ ಹಾಕುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಎಲ್ಲೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲವೆಂಬುದೂ ನಿಜ. 2014ರಲ್ಲಿ ಗುರುತು ಸಿಗದ ದೇಹದ ಅವಶೇಷಗಳನ್ನು ವಸ್ತುಸಂಗ್ರಹಾಲಯದ ತಳಮಟ್ಟಕ್ಕೆ, ಪ್ರವಾಸಿಗರು ಕಾಲಿಡದ ಪ್ರತ್ಯೇಕ ಕೋಣೆಗೆ ಒಯ್ದರು. 24 ಡಾಲರ್ ಟಿಕೆಟ್ಟೂ ಉಡುಗೊರೆ ಅಂಗಡಿಯೂ ಇರುವ ಕಟ್ಟಡದ ಅಡಿಯಲ್ಲಿ ನಮ್ಮವರ ಮೂಳೆ ಬೇಡ ಎಂದು ಕೆಲವು ಮನೆಯವರು ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ನಿಂತರು. ಬೇರೆ ಕೆಲವರು ಅದಕ್ಕೆ ಒಪ್ಪಿದ್ದರು. ಇಲ್ಲಿ ಎಲ್ಲರನ್ನೂ ಮೊದಲೇ ಸರಿಯಾಗಿ ಕೇಳಿರಲಿಲ್ಲ ಎಂಬ ವಿರೋಧಿಗಳ ದೂರು ನ್ಯಾಯವಾದದ್ದು ಎಂದೇ ನಮ್ಮ ಅಭಿಪ್ರಾಯ.

ಅದೇ ವರ್ಷ ಅಂಗಳದ ಸುತ್ತಲ ಬೇಲಿ ತೆಗೆದರು. ಅಲ್ಲಿಯವರೆಗೆ ಸಮಯ ಗೊತ್ತುಮಾಡಿಕೊಂಡು, ತಪಾಸಣೆ ದಾಟಿ ಒಳಗೆ ಹೋಗಬೇಕಾಗಿದ್ದ ಜಾಗಕ್ಕೆ ಕಚೇರಿಯವರು ಊಟದ ಡಬ್ಬಿ ಹಿಡಿದು ಬಂದರು, ಪ್ರವಾಸಿಗರು ಹೆಸರುಗಳಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡರು. ಇದು ಅಪಚಾರವೋ ಜೀವಂತಿಕೆಯೋ ಎಂಬ ಚರ್ಚೆ ಶುರುವಾಯಿತು. ನೆಲದ ದಕ್ಷಿಣದಂಚಿನಲ್ಲಿ, ದಾಳಿಯಲ್ಲಿ ಹಾಳಾದ ಡಾಯ್ಚ ಬ್ಯಾಂಕ್ ಕಟ್ಟಡ ಇದ್ದಲ್ಲಿ, ಸುಮಾರು 1,200 ಮನೆಗಳ ವಸತಿ ಗೋಪುರ ಬರಬೇಕಾಗಿದೆ. ಅದರ ಚರ್ಚೆಯಲ್ಲಿ ಗಾಜಿನ ಬಣ್ಣ, ತುದಿಯ ಕಂಬಗಳಿಗಿಂತ ಮುಂದೆ ಬಂದದ್ದು ಬಾಡಿಗೆ. ಸರಕಾರದ ನೆಲವಾದ್ದರಿಂದ ಎಲ್ಲ ಮನೆಗಳೂ ಸಾಮಾನ್ಯರ ಕೈಗೆಟುಕಬೇಕೆಂದು ಸುತ್ತಲಿನ ನಿವಾಸಿಗಳೂ ದಾಳಿಯಲ್ಲಿ ಬದುಕುಳಿದವರೂ ಪಟ್ಟು ಹಿಡಿದರು. 2023ರಲ್ಲಿ ಸರಕಾರ ಮೂರನೆಯ ಒಂದು ಭಾಗಕ್ಕೆ ಒಪ್ಪಿತು. 2002ರಲ್ಲಿ ಜಾವಿಟ್ಸ್‌ನ ಮೇಜುಗಳ ಸುತ್ತ ಎದ್ದಿದ್ದ ಎರಡನೆಯ ಮಾತಿಗೆ ಅಧಿಕಾರಿಗಳು ಅಂಕಿಯಲ್ಲಿ ಉತ್ತರ ಕೊಡಬೇಕಾಗಿ ಬರಲು ಇಷ್ಟು ವರ್ಷ ಹಿಡಿಯಿತು, ಅದೂ ಮೂರರಲ್ಲೊಂದು ಪಾಲು.